ಈಟಿಜಿ ಸ್ಟ್ರಿಪ್ ಪಾಸಿಟಿವ್ ಬಂದರೆ ಕುಡಿದಿದ್ದಾರೆ ಅಂತಲೇನಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ ಗಂಡ ಕುಡಿತ ಬಿಟ್ಟು ಐದು ತಿಂಗಳಾಗಿದೆ. ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡೋಣ ಅಂತ, ಕುಡಿತದ ಗುರುತು ಹುಡುಕುವ ಈಟಿಜಿ ಸ್ಟ್ರಿಪ್ ತಂದಿದ್ದೀರಿ. ಭಾನುವಾರ ಒಂದೇ ಗೆರೆ ಬಂತು. ಬುಧವಾರ ಎರಡು ಗೆರೆ, ಆದರೆ ಎರಡನೆಯದು ತೀರಾ ಮಸುಕು. ಎರಡೂ ಪಾಸಿಟಿವ್ ಅಂದುಕೊಂಡು ಬುಧವಾರ ರಾತ್ರಿ ಜೋರು ಜಗಳ ಆಗಿದೆ. ಅವರು ಸ್ಯಾನಿಟೈಸರ್ ಕಾರಣ ಎನ್ನುತ್ತಿದ್ದಾರೆ. ನಂಬಲೋ ಬೇಡವೋ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಕುಡಿದವನು, ಬಿಟ್ಟವನು, ಬಿಟ್ಟ ಮೇಲೆ ಎರಡು ವರ್ಷ ವಾರವಾರವೂ ಡಬ್ಬಿಯಲ್ಲಿ ಮೂತ್ರ ಹಿಡಿದು ಕೊಟ್ಟವನು. "ನಾನು ಕುಡಿದಿಲ್ಲ, ಬೇರೇನೋ ಇರಬೇಕು" ಅನ್ನುವ ಮಾತನ್ನು ಆ ಎರಡು ವರ್ಷದಲ್ಲಿ ನಾನೂ ಎರಡು ಸಲ ಹೇಳಿದ್ದೇನೆ. ಒಂದು ಸಲ ಅದು ಸುಳ್ಳು, ಇನ್ನೊಂದು ಸಲ ನಿಜ.

ಮೊದಲು ಗೆರೆ ವಿಷಯ ಮುಗಿಸಿಬಿಡೋಣ. ಈ ಸ್ಟ್ರಿಪ್ ಗರ್ಭ ಪರೀಕ್ಷೆಯ ಸ್ಟ್ರಿಪ್‌ಗೆ ಪೂರ್ತಿ ಉಲ್ಟಾ. ಮೂತ್ರದಲ್ಲಿ ಈಟಿಜಿ ಇಲ್ಲದಿದ್ದರೆ ಬಣ್ಣದ ಕಣಗಳು ಹರಿದು ಬಂದು 'ಟಿ' ಅಂದರೆ ಪರೀಕ್ಷೆಯ ಗೆರೆಗೆ ಅಂಟಿಕೊಳ್ಳುತ್ತವೆ, ಗೆರೆ ಮೂಡುತ್ತದೆ. ಈಟಿಜಿ ಜಾಸ್ತಿ ಇದ್ದರೆ ಅದೇ ಆ ಕಣಗಳನ್ನು ಮೊದಲು ಹಿಡಿದುಕೊಳ್ಳುತ್ತದೆ, ಗೆರೆಗೆ ಅಂಟಲು ಏನೂ ಉಳಿಯುವುದಿಲ್ಲ. ಅಂದರೆ ಗೆರೆ ಬಂದರೆ ನೆಗೆಟಿವ್, ಬರದಿದ್ದರೆ ಪಾಸಿಟಿವ್. ಗೆರೆ ಮಸುಕಾಗಿದ್ದರೂ ಅದು ಗೆರೆಯೇ. ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಷ್ಟು ಇದ್ದರೂ ಲೆಕ್ಕಕ್ಕೆ ನೆಗೆಟಿವ್. 'ಸಿ' ಗೆರೆ ಸ್ಟ್ರಿಪ್ ಸರಿಯಿದೆ ಅಂತ ತೋರಿಸಲು, ಯಾವಾಗಲೂ ಬರಬೇಕು. ಅದೇ ಬಾರದಿದ್ದರೆ ಆ ಸ್ಟ್ರಿಪ್ ಕೆಟ್ಟಿದೆ, ಬಿಸಾಡಿ. ಚೀಟಿಯಲ್ಲಿ ಹೇಳಿದ ನಿಮಿಷದಲ್ಲೇ ಓದಬೇಕು. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಅದು ಏನು ಹೇಳಿದರೂ ನಂಬಬೇಡಿ.

ಹಾಗಾಗಿ ಬುಧವಾರದ್ದು ನೆಗೆಟಿವ್. ಭಾನುವಾರ ಬಂದ ಒಂದೇ ಗೆರೆ 'ಸಿ' ಆಗಿದ್ದರೆ ಅದು ಪಾಸಿಟಿವ್, ಉಳಿದದ್ದು ಅದು ಮಾತ್ರ.

ಈಟಿಜಿ ಅಂದರೆ ಈಥೈಲ್ ಗ್ಲುಕುರೊನೈಡ್. ಅದು ಆಲ್ಕೋಹಾಲ್ ಅಲ್ಲ, ಆಲ್ಕೋಹಾಲ್ ಬಂದು ಹೋದ ಗುರುತು. ನಾವು ಕುಡಿದದ್ದರಲ್ಲಿ 90 ಶೇಕಡಾಕ್ಕಿಂತ ಹೆಚ್ಚನ್ನು ಲಿವರ್ ಅರಗಿಸಿ ಮುಗಿಸುತ್ತದೆ. ಸ್ವಲ್ಪ ಉಸಿರು, ಬೆವರು, ಮೂತ್ರದಲ್ಲಿ ಹಾಗೇ ಹೊರಗೆ ಹೋಗುತ್ತದೆ. 0.1 ಶೇಕಡಾಕ್ಕಿಂತಲೂ ಕಡಿಮೆ ಪಾಲು ಮಾತ್ರ ಈಟಿಜಿ ಆಗುತ್ತದೆ. ಅಷ್ಟು ಚೂರು! ಆದರೆ ಅದು ನಿಧಾನಕ್ಕೆ ಹೋಗುತ್ತದೆ. ಆಲ್ಕೋಹಾಲ್ ಅರ್ಧ ದಿನದಲ್ಲಿ ಮಾಯ, ಈಟಿಜಿ ಮಾತ್ರ ಉಳಿದಿರುತ್ತದೆ. ಸ್ವಲ್ಪ ಕುಡಿದರೆ ಒಂದು ದಿನ, ಹದವಾಗಿ ಕುಡಿದರೆ ಎರಡು ದಿನ, ಚೆನ್ನಾಗಿ ಏರಿಸಿದ್ದರೆ ಮೂರು ದಿನ ಅಥವಾ ಇನ್ನೂ ಸ್ವಲ್ಪ ಜಾಸ್ತಿ. ಡಬ್ಬಿ ಮೇಲೆ '80 ಗಂಟೆ' ಅಂತ ಬರೆದಿರುವುದು ಈ ಕೊನೆಯ ಲೆಕ್ಕ. ಎಲ್ಲರಿಗೂ, ಯಾವಾಗಲೂ 80 ಗಂಟೆ ಅಂತ ಅಲ್ಲ. ಕಿಡ್ನಿ ತೊಂದರೆ ಇದ್ದವರಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ.

ಎಷ್ಟು ಕುಡಿದರು, ಯಾವಾಗ ಕುಡಿದರು, ಗ್ಲಾಸಿನಲ್ಲಿ ಕುಡಿದರೋ ಬಾಯಿ ಮುಕ್ಕಳಿಸಿದರೋ, ಇದ್ಯಾವುದೂ ಸ್ಟ್ರಿಪ್‌ಗೆ ಗೊತ್ತಿಲ್ಲ. ಒಂದು ಮಿಲಿಲೀಟರ್‌ನಲ್ಲಿ ಇಂತಿಷ್ಟು ನ್ಯಾನೋಗ್ರಾಂಗಿಂತ ಮೇಲಿದೆಯಾ ಅನ್ನುವುದಷ್ಟೇ ಅದರ ಕೆಲಸ. ಮನೆ ಸ್ಟ್ರಿಪ್‌ಗಳಲ್ಲಿ ಆ ಮಿತಿ ಸಾಮಾನ್ಯವಾಗಿ 500. ಕೆಲವು ಲ್ಯಾಬ್‌ಗಳು 100 ಇಟ್ಟುಕೊಳ್ಳುತ್ತವೆ. 100ರ ಮಿತಿಗೆ ಸಣ್ಣಪುಟ್ಟದ್ದೆಲ್ಲ ಸಿಕ್ಕಿಬೀಳುತ್ತದೆ. ಕೆಮ್ಮಿನ ಸಿರಪ್, ಆಲ್ಕೋಹಾಲ್ ಇರುವ ಮೌತ್‌ವಾಶ್, 'ಆಲ್ಕೋಹಾಲ್ ಇಲ್ಲ' ಅಂತ ಬರೆದ ಬಿಯರ್ ಕೂಡ. ಆ ಬಿಯರ್‌ನಲ್ಲಿ 0.5 ಶೇಕಡಾದವರೆಗೆ ಇರಬಹುದು. ನಾಲ್ಕೈದು ಬಾಟಲಿ ಇಳಿಸಿದರೆ 500ನ್ನೂ ದಾಟಬಹುದು. ಅಮೆರಿಕದ ಸರ್ಕಾರಿ ಸಂಸ್ಥೆ ಸಾಮ್ಸಾ 2006ರಲ್ಲೇ ಎಚ್ಚರಿಕೆ ಕೊಟ್ಟಿತ್ತು, ಈಟಿಜಿ ಪಾಸಿಟಿವ್ ಒಂದನ್ನೇ ಹಿಡಿದುಕೊಂಡು ಯಾರ ಮೇಲೂ ಕ್ರಮ ತೆಗೆದುಕೊಳ್ಳಬೇಡಿ ಅಂತ.

ಸರಿ, ಸ್ಯಾನಿಟೈಸರ್? ಆಗುತ್ತದೆ, ಆದರೆ ಸುಮ್ನೆ ಆಗುವುದಿಲ್ಲ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕುಡಿಯದ ಕೆಲವರ ಕೈಗೆ 5 ನಿಮಿಷಕ್ಕೊಮ್ಮೆ ಸ್ಯಾನಿಟೈಸರ್ ಹಚ್ಚಿಸಿದರು. ದಿನಕ್ಕೆ 10 ಗಂಟೆ, ಮೂರು ದಿನ. ಒಬ್ಬರ ಈಟಿಜಿ ಸುಮಾರು 2000ಕ್ಕೆ ಹೋಯಿತು. ಚರ್ಮಕ್ಕಿಂತ ಜಾಸ್ತಿ ಅದು ಒಳಗೆ ಹೋಗುವುದು ಮೂಗಿನಿಂದ, ಆವಿಯಾಗಿ. ಆಸ್ಪತ್ರೆ ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಇದು ನಿಜವಾದ ತೊಂದರೆ. ಊಟಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಹಚ್ಚಿಕೊಳ್ಳುವವರಿಗೆ 500 ದಾಟುವುದು ಕಷ್ಟ. ಐಸೊಪ್ರೊಪೈಲ್ ಅನ್ನುವ ಬೇರೆ ಜಾತಿಯ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಆದರೆ ಇನ್ನೊಂದು ಗೊಂದಲ ಇದೆ. ಅದರಿಂದ ಹುಟ್ಟುವ ಪದಾರ್ಥವನ್ನು ಕೆಲವು ಮೊದಲ ಹಂತದ ಪರೀಕ್ಷೆಗಳು ಈಟಿಜಿ ಅಂತಲೇ ತಪ್ಪಾಗಿ ಗುರುತಿಸುತ್ತವೆ. ನಿಮ್ಮ ಯಜಮಾನರು ಏನು ಕೆಲಸ ಮಾಡುತ್ತಾರೆ ಅಂತ ನೀವು ಬರೆದಿಲ್ಲ, ಉತ್ತರ ಅರ್ಧ ಅಲ್ಲೇ ಇದೆ.

ಇನ್ನು ನನ್ನ ಸುಳ್ಳಿನ ಕಥೆ. ಶನಿವಾರ ರಾತ್ರಿ ಅರ್ಧ ಬಾಟಲಿ ಮುಗಿಸಿದ್ದೆ. ಸೋಮವಾರ ಬೆಳಿಗ್ಗೆ ಪರೀಕ್ಷೆ. ಒಳಗೆ ಹೋಗುವ ಮುಂಚೆ ಬಾಗಿಲ ಪಕ್ಕದ ಡಬ್ಬಿಯಿಂದ ಮೂರು ಸಲ ಸ್ಯಾನಿಟೈಸರ್ ಒತ್ತಿ ಮೊಣಕೈವರೆಗೆ ಸವರಿಕೊಂಡೆ. ವಾಸನೆ ಬರಲಿ, ಆಮೇಲೆ ನೆಪಕ್ಕೆ ಆಗುತ್ತದೆ ಅಂತ. ವರದಿ ಬಂದ ದಿನ ಕೌನ್ಸೆಲರ್ ಕಾಗದವನ್ನು ನನ್ನ ಕಡೆ ತಿರುಗಿಸಿ ಎರಡನೇ ಸಾಲಿನ ಮೇಲೆ ಪೆನ್ನಿಟ್ಟರು. ಈಟಿಜಿ 4200. ಅದರ ಕೆಳಗೆ ಈಟಿಎಸ್ 1300. "ಕೈಗೆ ಹಚ್ಚಿದರೆ ಈ ಕೆಳಗಿನದು ಇಷ್ಟು ಬರುವುದಿಲ್ಲ" ಅಂದರು, ಅಷ್ಟೇ. ನನಗೆ ಆವತ್ತಿನವರೆಗೆ ಈಟಿಎಸ್ ಅನ್ನುವುದೊಂದು ಇದೆ ಅಂತಲೇ ಗೊತ್ತಿರಲಿಲ್ಲ.

ಈಟಿಎಸ್ ಅಂದರೆ ಈಥೈಲ್ ಸಲ್ಫೇಟ್. ಅದೂ ಆಲ್ಕೋಹಾಲ್‌ನದೇ ಗುರುತು, ಆದರೆ ದೇಹ ಅದನ್ನು ಬೇರೆ ದಾರಿಯಲ್ಲಿ ಮಾಡುತ್ತದೆ. ಮೇಲೆ ಹೇಳಿದ ಪ್ರಯೋಗದಲ್ಲಿ ಈಟಿಜಿ ಅಷ್ಟು ಏರಿದಾಗಲೂ ಈಟಿಎಸ್ 100ರ ಒಳಗೇ ಇತ್ತು. ಇನ್ನೊಂದು ಅನುಕೂಲವೂ ಇದೆ. ಮೂತ್ರದಲ್ಲಿ ಸೋಂಕು ಇದ್ದರೆ ಕೆಲವು ಬ್ಯಾಕ್ಟೀರಿಯಾಗಳು ಈಟಿಜಿಯನ್ನು ತಿಂದು ಹಾಕುತ್ತವೆ, ಕೆಲವೊಮ್ಮೆ ಡಬ್ಬಿಯೊಳಗೇ ಹೊಸದಾಗಿ ಮಾಡುತ್ತವೆ. ಈಟಿಎಸ್ ವಿಷಯದಲ್ಲಿ ಈ ಕಾಟ ತುಂಬಾ ಕಡಿಮೆ.

ನಿಜ ಹೇಳಿದ ಸಲ ಹಲ್ಲು ಕೀಳಿಸಿಕೊಂಡಿದ್ದೆ. ಮೌತ್‌ವಾಶ್ ದಿನಕ್ಕೆ ಆರು ಸಲ. ಈಟಿಜಿ 260, ಈಟಿಎಸ್ ಹೆಸರಿಗೆ ಮಾತ್ರ. ಮಾತು ಅದೇ, ಮುಖ ಅದೇ, ಬೆವರಿದ್ದೂ ಅಷ್ಟೇ. ನಿಜ ಹೇಳುವಾಗ ಇನ್ನೂ ಜಾಸ್ತಿ ತೊದಲಿದೆ ಅಂತ ನೆನಪು. ಅದಕ್ಕೇ ಹೇಳುತ್ತಿದ್ದೇನೆ, ಅವರ ಮುಖ ನೋಡಿ ತೀರ್ಮಾನ ಮಾಡಲು ಹೋಗಬೇಡಿ.

ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ ಒಂದು ಮಾತು. ಕೆಲವು ಕಡೆ ಈಟಿಜಿ ಬದಲು ಮೂತ್ರದಲ್ಲಿ ನೇರ ಆಲ್ಕೋಹಾಲ್ ನೋಡುತ್ತಾರೆ. ಸಕ್ಕರೆ ಇರುವ ಮೂತ್ರದಲ್ಲಿ ಯೀಸ್ಟ್ ಸೇರಿದರೆ ಅದೇ ಹುದುಗಿ ಆಲ್ಕೋಹಾಲ್ ಆಗುತ್ತದೆ! ಪಿಟ್ಸ್‌ಬರ್ಗ್‌ನಲ್ಲಿ 61 ವರ್ಷದ ಒಬ್ಬ ಮಹಿಳೆಗೆ ಮೂತ್ರಕೋಶದೊಳಗೇ ಹೀಗಾಗುತ್ತಿತ್ತು. ಅವರಿಗೆ ಲಿವರ್ ಕಸಿ ಬೇಕಿತ್ತು. ಕುಡಿದಿಲ್ಲ ಎಂದರೂ ಮೊದಲು ಯಾರೂ ನಂಬಲಿಲ್ಲ. ರಕ್ತದಲ್ಲಿ ಆಲ್ಕೋಹಾಲ್ ಇಲ್ಲ, ಮೂತ್ರದಲ್ಲಿ ಈಟಿಜಿ, ಈಟಿಎಸ್ ಇಲ್ಲ ಅಂತ ಗೊತ್ತಾದ ಮೇಲೆಯೇ ವಿಷಯ ಬಯಲಾಯಿತು. 2020ರಲ್ಲಿ ವೈದ್ಯರು ಇದನ್ನು ಪ್ರಕಟಿಸಿದರು.

ಈಗ ಏನು ಮಾಡಬಹುದು? ಭಾನುವಾರದ ಮೂತ್ರ ಹೋಯಿತು, ಅದನ್ನು ಮತ್ತೆ ಪರೀಕ್ಷಿಸಲು ಆಗುವುದಿಲ್ಲ. ಆದರೆ ಪೆತ್ ಅನ್ನುವ ರಕ್ತ ಪರೀಕ್ಷೆ ಇದೆ, ಎರಡರಿಂದ ನಾಲ್ಕು ವಾರ ಹಿಂದಿನ ಕುಡಿತದವರೆಗೂ ನೋಡುತ್ತದೆ. ಒಂದೆರಡು ಗ್ಲಾಸ್ ಮಾತ್ರ ಆಗಿದ್ದರೆ ಅದರಲ್ಲೂ ತಪ್ಪಿಸಿಕೊಳ್ಳಬಹುದು. ಮತ್ತೆ ಕುಡಿತ ಶುರುವಾಗಿದ್ದರೆ ಸಾಮಾನ್ಯವಾಗಿ ಸಿಗುತ್ತದೆ. ಅವರೇ ಒಪ್ಪಿ ಹೋದರೆ ಒಳ್ಳೆಯದು, ಅವರ ಡಾಕ್ಟರ್ ಮೂಲಕ. ಮುಂದೆ ಸ್ಟ್ರಿಪ್ ಪಾಸಿಟಿವ್ ಬಂದರೆ ಅದೇ ಮೂತ್ರವನ್ನು ಫ್ರಿಜ್ಜಿನಲ್ಲಿಟ್ಟು ಬೇಗ ಲ್ಯಾಬ್‌ಗೆ ಕೊಡಿ. ಮಾಸ್ ಸ್ಪೆಕ್ಟ್ರೋಮೆಟ್ರಿ ಅನ್ನುವ ನಿಖರ ವಿಧಾನದಲ್ಲಿ ಈಟಿಜಿ, ಈಟಿಎಸ್ ಎರಡೂ ನೋಡಿ ಅಂತ ಕೇಳಿ. ಕ್ರಿಯಾಟಿನಿನ್ ಕೂಡ ಹಾಕಿಸಿ. ನೀರು ಕುಡಿದು ಕುಡಿದು ಮೂತ್ರ ತೆಳುವಾಗಿದ್ದರೆ ಅದರಲ್ಲೇ ಗೊತ್ತಾಗುತ್ತದೆ. ಮೌತ್‌ವಾಶ್, ಸಿರಪ್ ಈಗಲೇ ಆಲ್ಕೋಹಾಲ್ ಇಲ್ಲದ್ದಕ್ಕೆ ಬದಲಾಯಿಸಿ. ಆಗ ಇಬ್ಬರಿಗೂ ಒಂದು ನೆಪ ಕಡಿಮೆ.

ಇದಕ್ಕೆಲ್ಲ ಕೆಲವು ದಿನ ಬೇಕು. ಬುಧವಾರದ ಮಸುಕು ಗೆರೆ ನೆಗೆಟಿವ್ ಆಗಿತ್ತು, ಓದಿದ್ದು ತಪ್ಪಾಗಿತ್ತು ಅಂತ ಅವರಿಗೆ ಹೇಳುವುದನ್ನು ಮಾತ್ರ ಇವತ್ತು ರಾತ್ರಿಯೇ ಹೇಳಿಬಿಡಿ.