ಅಜ್ಜನ ಡಬ್ಬಿಯ ಕಾಸಿಗೆ ವಿಶ್ವಕೋಶದಲ್ಲಿ ಜಾಗವುಂಟೇ?

ಪ್ರಶ್ನೆ: ಅಜ್ಜನ ಕಾಲದ ತಗಡಿನ ಡಬ್ಬಿಯಲ್ಲಿ ಮೂವತ್ತು ನಲವತ್ತು ತಾಮ್ರದ ಕಾಸುಗಳಿವೆ. ಒಂದರ ಮೇಲೆ ಸಿಂಹದಂಥ ಪ್ರಾಣಿ, ‘ಶ್ರೀ ಚಾಮುಂಡಿ’ ಎಂಬ ಅಕ್ಷರ. ಹಿಂಬದಿಯಲ್ಲಿ ‘ಮಯಿಲಿ ಕಾಸು ೨೦’. ಇದರ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಬರೆಯುವ ಆಸೆ. ‘ಅದೆಲ್ಲ ಪಂಡಿತರ ಕೆಲಸ’ ಎನ್ನುತ್ತಾನೆ ಮಗ. ನಾನು ಹತ್ತನೇ ತರಗತಿವರೆಗೆ ಓದಿದ ಗೃಹಿಣಿ. ಬರೆಯಬಹುದೇ?
— ಓದುಗರು, ತಿಪಟೂರು

ಉತ್ತರ: ಖಂಡಿತ ಬರೆಯಬಹುದು, ಅಮ್ಮ. ನಾನೂ ಪಂಡಿತನಲ್ಲ. ಮೂವತ್ತೆರಡು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕುಳಿತು ಚಿಲ್ಲರೆ ಎಣಿಸಿದವನು. ನಾಣ್ಯದ ಹುಚ್ಚು ಹತ್ತಿದ್ದೇ ಅಲ್ಲಿ.

ನಿಮ್ಮ ಕೈಯಲ್ಲಿರುವುದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸು. ಅವರ ಆಳ್ವಿಕೆ 1799ರಿಂದ 1868ರವರೆಗೆ. ಅದನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ. ಕನ್ನಡದ ಜೊತೆಗೆ ಇಂಗ್ಲಿಷಿನಲ್ಲೂ ‘ಕ್ಯಾಷ್’ ಎಂಬ ಪದ, ರೋಮನ್ ಅಂಕಿಯಲ್ಲಿ ಇಪ್ಪತ್ತು, ಮಿಕ್ಕ ಜಾಗದಲ್ಲಿ ಪರ್ಷಿಯನ್ ಬರಹ ಕಾಣಬೇಕು. ಹೆಬ್ಬೆರಳಿನಗಲದ ತಾಮ್ರದಲ್ಲಿ ಮೂರು ಲಿಪಿ! ಮೂರನ್ನೂ ಓದಬಲ್ಲವರು ಎಷ್ಟು ಮಂದಿ? ನನಗಂತೂ ಪರ್ಷಿಯನ್ ಬಾರದು. ನಾಣ್ಯದ ಪುಟಗಳನ್ನು ನಾಲ್ಕಾರು ಜನ ಕೂಡಿ ಬರೆಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ನನಗಾದ ಅನುಭವವನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಟಿಪ್ಪು ಕಾಲದ ಆನೆ ಕಾಸಿನ ಚಿತ್ರವೊಂದನ್ನು ಏರಿಸಿದ್ದೆ. ಪರ್ಷಿಯನ್ ಅಂಕಿಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಇಸವಿ ಓದಿದೆ: 4221 ಬಂತು. ಅದು ಯಾವ ಲೆಕ್ಕಕ್ಕೂ ಕೂಡಲಿಲ್ಲ. ಕೊನೆಗೆ ‘ಬಹುಶಃ ನಕಲಿ’ ಎಂದು ವಿವರಣೆಯಲ್ಲಿ ಬರೆದೆ. ಮೂರು ವಾರ ಕಳೆದ ಮೇಲೆ, ಉರ್ದು ಬಲ್ಲ ಒಬ್ಬರು ಚರ್ಚಾಪುಟದಲ್ಲಿ ಒಂದೇ ಸಾಲು ಬರೆದರು: ‘ಅಂಕಿಗಳನ್ನು ಬಲದಿಂದ ಎಡಕ್ಕೆ ಓದಿ.’ ಓದಿದರೆ 1224! ಪರ್ಷಿಯನ್ ಅಕ್ಷರಗಳು ಬಲದಿಂದ ಎಡಕ್ಕೆ ಸಾಗಿದರೂ ಅಂಕಿಗಳನ್ನು ನಮ್ಮ ಹಾಗೆಯೇ ಎಡದಿಂದ ಬರೆಯುವುದು ರೂಢಿ. ಟಿಪ್ಪು ಹಿಜರಿ ಬಿಟ್ಟು ಮೌಲೂದಿ ಎಂಬ ಹೊಸ ಕಾಲಗಣನೆ ತಂದಾಗ ಅಂಕಿಗಳ ದಿಕ್ಕನ್ನೂ ತಿರುಗಿಸಿದ್ದ. ಮೌಲೂದಿ 1224 ಎಂದರೆ ನಮ್ಮ 1796ರ ಆಸುಪಾಸು. ನಾನು ನಕಲಿ ಎಂದು ದೂರಿದ್ದ ಕಾಸು ಅಪ್ಪಟವಾಗಿತ್ತು. ಅವರು ಯಾರು, ಯಾವ ಊರಿನವರು ಎಂಬುದು ಇಂದಿಗೂ ತಿಳಿಯದು. ಅವರ ಋಣ ಮಾತ್ರ ನನ್ನ ಮೇಲಿದೆ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಮೊಟ್ಟಮೊದಲಿಗೆ, ಕಾಸಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಅದು ದೇವರ ಮನೆಯ ಹಿತ್ತಾಳೆ ದೀಪವಲ್ಲ. ಅದರ ಮೇಲೆ ಕುಳಿತಿರುವ ಕಂದು ಬಣ್ಣ ನೂರೈವತ್ತು ವರ್ಷಗಳಿಗೂ ಮೀರಿದ ಗಾಳಿ ಮತ್ತು ತೇವದ ಫಲ; ಒಮ್ಮೆ ಹೋದರೆ ಬಾರದು. ಬೆಳಗ್ಗೆ ಒಂಬತ್ತರ ಹೊತ್ತಿಗೆ ಕಿಟಕಿಯ ಬಳಿ ಬಿಳಿ ಹಾಳೆಯ ಮೇಲಿಟ್ಟು, ಬೆಳಕು ಓರೆಯಾಗಿ ಬೀಳುವಂತೆ ಎರಡೂ ಬದಿಯ ಚಿತ್ರ ತೆಗೆಯಿರಿ. ಓರೆ ಬೆಳಕಿನಲ್ಲಿ ಸವೆದ ಅಕ್ಷರವೂ ಎದ್ದು ನಿಲ್ಲುತ್ತದೆ. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ, ಗ್ರಾಂ ಮತ್ತು ಮಿಲಿಗ್ರಾಂ ಬರೆದಿಡಿ. ಅಗಲವನ್ನು ಅಳೆಯಿರಿ. ಚಿತ್ರಗಳನ್ನು ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ, ತೂಕ ಮತ್ತು ಅಳತೆಯನ್ನು ವಿವರಣೆಯಲ್ಲಿ ಸೇರಿಸಿ. ನೀವು ಇಷ್ಟೇ ಮಾಡಿದರೂ, ಯಾವ ಪಂಡಿತರ ಬಳಿಯೂ ಇಲ್ಲದ ಒಂದು ವಸ್ತುವನ್ನು ಎಲ್ಲರ ಕಣ್ಣಿಗೆ ತಂದಂತಾಯಿತು.

ಲೇಖನ ಬರೆಯುವಾಗ ಒಂದು ಕಟ್ಟಳೆ ಇದೆ: ಸ್ವಂತ ಸಂಶೋಧನೆ ಸಲ್ಲದು. ‘ನಮ್ಮಜ್ಜ ಹೀಗೆ ಹೇಳುತ್ತಿದ್ದರು’ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಗೆಜೆಟಿಯರಿನಲ್ಲೋ ಮುದ್ರಿತ ನಾಣ್ಯಸೂಚಿಯಲ್ಲೋ ಇರುವುದನ್ನು ಪುಟಸಂಖ್ಯೆಯ ಸಮೇತ ಕೊಡಬೇಕು. ಈ ನಿಯಮ ಮೊದಮೊದಲು ನನಗೆ ಕಿರಿಕಿರಿ ಎನಿಸಿತ್ತು. ಆದರೆ ‘ಬಹುಶಃ ನಕಲಿ’ ಎಂದು ಬರೆದ ನನ್ನಂಥವರನ್ನು ತಡೆಯುವುದು ಅದೇ. ಮೊದಲು ನಿಮ್ಮ ಪ್ರಯೋಗಪುಟದಲ್ಲಿ, ಅಂದರೆ ಬರೆದು ಕಲಿಯಲೆಂದೇ ಇರುವ ಪುಟದಲ್ಲಿ, ನಾಲ್ಕು ಸಾಲು ಬರೆಯಿರಿ. ಸಿಕ್ಕು ಬಂದರೆ ಅರಳಿಕಟ್ಟೆಯಲ್ಲಿ ಕೇಳಿ. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತನಾಡುವ ಪುಟದ ಹೆಸರೇ ಅದು. ಎಷ್ಟು ಚೆಂದದ ಹೆಸರಿಟ್ಟಿದ್ದಾರೆ ನೋಡಿ.

ಪ್ರಶ್ನೆ: ವಿಜಯನಗರದ ವರಾಹಗಳ ಬಗ್ಗೆ ಎರಡು ತಿಂಗಳು ಕಷ್ಟಪಟ್ಟು ಬರೆದೆ. ಹರಾಜು ಸಂಸ್ಥೆಯೊಂದರ ಜಾಲತಾಣದಿಂದ ಚಿತ್ರ ಹಾಕಿದ್ದೆ. ಅಳಿಸಿಬಿಟ್ಟರು. ಐನೂರು ವರ್ಷ ಹಳೆಯ ನಾಣ್ಯಕ್ಕೆ ಎಂಥ ಹಕ್ಕುಸ್ವಾಮ್ಯ? ಬರೆಯುವ ಮನಸ್ಸೇ ಹೋಗಿದೆ.
— ಶಿಕ್ಷಕರು, ಕಾರವಾರ

ಉತ್ತರ: ಮೇಷ್ಟ್ರೇ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅಳಿಸಿದವರು ಮಾಡಿದ್ದು ಸರಿ. ವಿಜಯನಗರದ ಅರಸ ಅಚ್ಯುತರಾಯನ ಗಂಡಭೇರುಂಡದ ವರಾಹಕ್ಕೆ, ಅಂದರೆ ಆ ಚಿನ್ನದ ನಾಣ್ಯಕ್ಕೆ, ಹಕ್ಕುಸ್ವಾಮ್ಯವಿಲ್ಲ. ಅದರ ಛಾಯಾಚಿತ್ರಕ್ಕೆ ಇದೆ. ಹಳೆಯ ಚಪ್ಪಟೆ ಚಿತ್ರಪಟವನ್ನು ಇದ್ದಂತೆ ತೆಗೆದ ಫೋಟೊವನ್ನು ಕಾಮನ್ಸ್ ಒಪ್ಪುತ್ತದೆ. ನಾಣ್ಯ ಹಾಗಲ್ಲ, ಅದಕ್ಕೆ ಉಬ್ಬುತಗ್ಗುಗಳಿವೆ. ಬೆಳಕನ್ನು ಎಲ್ಲಿಂದ ಬಿಡಬೇಕು, ನೆರಳು ಎಲ್ಲಿ ಬೀಳಬೇಕು ಎಂದು ಛಾಯಾಗ್ರಾಹಕ ತೀರ್ಮಾನಿಸಿರುತ್ತಾನೆ. ಆ ಶ್ರಮ ಅವನದು.

ಹಾಗೆಂದು ದಾರಿ ಮುಚ್ಚಿಲ್ಲ. ಅಮೆರಿಕದ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ರೂಪ್ ಎಂಬ ನಾಣ್ಯ ವ್ಯಾಪಾರ ಸಂಸ್ಥೆ ತನ್ನ ಚಿತ್ರಗಳನ್ನು ಮುಕ್ತ ಪರವಾನಗಿಯಡಿ ಬಳಸಲು ಅನುಮತಿ ನೀಡಿದೆ. ಗ್ರೀಕ್, ರೋಮನ್ ನಾಣ್ಯಗಳ ಪುಟಗಳಲ್ಲಿ ಆ ಚಿತ್ರಗಳು ಹೇರಳವಾಗಿವೆ. ನಮ್ಮ ಸಂಗ್ರಾಹಕರನ್ನೂ ಹೀಗೆ ಕೇಳಬೇಕು. ನಿಮ್ಮ ಜಿಲ್ಲೆಯಲ್ಲಿ ನಾಣ್ಯ ಪ್ರದರ್ಶನ ನಡೆದರೆ ಹೋಗಿ, ವಿನಯದಿಂದ ಕೇಳಿ, ನೀವೇ ಚಿತ್ರ ತೆಗೆಯಿರಿ. ನಾನು ಕೇಳಿದವರಲ್ಲಿ ‘ಆಗದು’ ಎಂದವರು ಒಬ್ಬಿಬ್ಬರು ಮಾತ್ರ.

ಸ್ವತಂತ್ರ ಭಾರತದ ನಾಣ್ಯ ಮತ್ತು ನೋಟುಗಳ ವಿಷಯ ಬೇರೆ. ಸರ್ಕಾರಿ ಕೃತಿಗಳಿಗೆ ಇಲ್ಲಿ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. 1957ರಲ್ಲಿ ದಶಮಾಂಶ ಪದ್ಧತಿಯೊಂದಿಗೆ ಬಂದ ನಯಾ ಪೈಸೆಯ ವಿನ್ಯಾಸಕ್ಕೆ ಆ ಅವಧಿ ಮುಗಿದಿದೆ. ನಿಮ್ಮ ಬಳಿ ಇದ್ದರೆ ಚಿತ್ರ ತೆಗೆದು ಏರಿಸಿ. ಹಂಪಿಯ ಕಲ್ಲಿನ ರಥವಿರುವ, 2017ರಲ್ಲಿ ಬಂದ 50 ರೂಪಾಯಿ ನೋಟನ್ನು ಮಾತ್ರ ಕಾಮನ್ಸ್‌ಗೆ ಹಾಕುವಂತಿಲ್ಲ. ನನಗೂ ಅದು ನೋವಿನ ವಿಷಯವೇ.

ನಿಮ್ಮ ಬರಹವನ್ನಂತೂ ಯಾರೂ ಅಳಿಸಿಲ್ಲ. ಪುಟದ ಇತಿಹಾಸದಲ್ಲಿ ನಿಮ್ಮ ಒಂದೊಂದು ಸಾಲೂ ಇದೆ. ದಯವಿಟ್ಟು ಮರಳಿ ಬನ್ನಿ.

ಪ್ರಶ್ನೆ: ಇಂಗ್ಲಿಷಿನಲ್ಲಿ ಎಲ್ಲ ಇರುವಾಗ ಕನ್ನಡದಲ್ಲಿ ಮತ್ತೆ ಏಕೆ ಬರೆಯಬೇಕು?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಎಲ್ಲ ಇದೆ ಎಂದು ಯಾರು ಹೇಳಿದರು? ಇಂಗ್ಲಿಷ್ ವಿಕಿಪೀಡಿಯದಲ್ಲಿ ನಾಣ್ಯಶಾಸ್ತ್ರಕ್ಕೆಂದೇ ಒಂದು ಯೋಜನೆ ಇದೆ, ನಿಜ. ಅದರ ಸ್ವಯಂಸೇವಕರು ಪುಟಗಳಿಗೆ ಚುಟುಕಿನಿಂದ ಹಿಡಿದು ವಿಶೇಷ ಲೇಖನದವರೆಗೆ ದರ್ಜೆ ಕೊಟ್ಟು, ಯಾವುದನ್ನು ಮೊದಲು ತಿದ್ದಬೇಕೆಂದು ಹಂಚಿಕೊಳ್ಳುತ್ತಾರೆ. ಆ ಶಿಸ್ತನ್ನು ನಾವೂ ಕಲಿಯಬೇಕು. ಆದರೆ ಹೊಯ್ಸಳ ದೊರೆ ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲಿನ ‘ಶ್ರೀ ತಳಕಾಡುಗೊಂಡ’ ಎಂಬ ಬಿರುದನ್ನು ಓದಿದೊಡನೆ ಅರ್ಥ ಹೊಳೆಯುವುದು ಕನ್ನಡಿಗನಿಗೆ ಅಲ್ಲವೇ? ‘ಹಣ’ ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರಾಗಿತ್ತು. ‘ದುಡ್ಡು’, ‘ಕಾಸು’ ತಾಮ್ರದವು. ಮೂರನ್ನೂ ನಾವು ದಿನವೂ ಆಡುತ್ತೇವೆ. ನಿಮ್ಮ ಕಡೆಯ ಹಿರಿಯರು ನಾಲ್ಕಾಣೆಗೆ ‘ಪಾವಲಿ’ ಎನ್ನುತ್ತಾರೆ. ಈ ಪದಗಳ ಬೆನ್ನುಹತ್ತಿ, ನಿಘಂಟು ತೆರೆದು ಬರೆಯುವ ಕೆಲಸ ಇಂಗ್ಲಿಷ್ ಪುಟದ ಅನುವಾದದಿಂದ ಆಗುವುದಲ್ಲ.

ಪ್ರಶ್ನೆ: ನನ್ನ ಬಳಿ ಇರುವ ಹಳೆಯ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಸಿಗುತ್ತದಂತೆ. ಬೆಲೆ ಹೇಳಿ.
— ಓದುಗರು, ದಾವಣಗೆರೆ

ಉತ್ತರ: ಈ ಅಂಕಣದಲ್ಲಿ ಬೆಲೆ ಹೇಳುವುದಿಲ್ಲ. ಆದರೆ ಒಂದು ಎಚ್ಚರಿಕೆ: ರಿಸರ್ವ್ ಬ್ಯಾಂಕಿನ ಹೆಸರು ಹೇಳಿ, ಹಳೆಯ ನೋಟು ಮತ್ತು ನಾಣ್ಯ ಕೊಳ್ಳುತ್ತೇವೆಂದು ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿದೆ. ಯಾರಿಗೂ ಮುಂಗಡ ಕಳುಹಿಸಬೇಡಿ. ನೋಟಿನ ಮೇಲೆ ಯಾವ ಗವರ್ನರರ ಸಹಿ ಇದೆ ಎಂದು ನೋಡಿ ತಿಳಿಸಿದರೆ, ಅದು ಯಾವ ಅವಧಿಯದು ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.