ಎರಡೂವರೆ ವರ್ಷವಾದರೂ ಮಾತು ಬಂದಿಲ್ಲ

ಪ್ರಶ್ನೆ: ಎರಡೂವರೆ ವರ್ಷದ ನನ್ನ ಮಗ ಕರೆದರೆ ತಿರುಗುತ್ತಾನೆ, ಆದರೆ ಆಡುವುದು ನಾಲ್ಕೈದು ಪದ ಮಾತ್ರ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಇರುವುದೇ ಕಾರಣವೆನ್ನುತ್ತಾರೆ. ಅತ್ತೆಯವರು ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದಾರೆ. ಇನ್ನೂ ಕಾಯಬಹುದೇ?
– ಓದುಗರು, ಶ್ರೀನಿವಾಸಪುರ

ಉತ್ತರ: ಕಾಯಬೇಡಿ. ಎರಡು ವರ್ಷ ತುಂಬಿದ ಮಗು ಸಾಮಾನ್ಯವಾಗಿ ‘ನೀರು ಬೇಕು’ ಎಂಬಂತೆ ಎರಡು ಪದ ಕೂಡಿಸಿ ಆಡುತ್ತದೆ. ಎರಡು ಭಾಷೆ ಕೇಳಿ ಬೆಳೆಯುವುದು ಮಾತು ತಡವಾಗಲು ಕಾರಣವಲ್ಲ; ಕಾರಣವಾಗಿದ್ದರೆ ಕೋಲಾರ ಜಿಲ್ಲೆಯಲ್ಲಿ ಮಾತೇ ಕೇಳಿಸುತ್ತಿರಲಿಲ್ಲ. ಬಜೆಯಿಂದ ಮಾತು ಬರುವುದಿಲ್ಲ, ನಿಲ್ಲಿಸಿ.

ಮೊದಲು ಶ್ರವಣ ಪರೀಕ್ಷೆಯಾಗಬೇಕು. ಭಾಗಶಃ ಶ್ರವಣದೋಷವಿರುವ ಮಗು ಕರೆದಾಗ ತಿರುಗಿದರೂ ‘ಸ’, ‘ಶ’ಗಳಂಥ ಮೆಲುಧ್ವನಿಗಳನ್ನು ಕೇಳಿಸಿಕೊಳ್ಳದೇ ಇರಬಹುದಾದ್ದರಿಂದ ಮನೆಯವರ ಅಂದಾಜು ಸಾಲದು. ಅಂಗನವಾಡಿಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ ನಡೆಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವನ್ನು ವಿಚಾರಿಸಿ. ವಿವರವಾದ ತಪಾಸಣೆಗೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ವಾಕ್ ಚಿಕಿತ್ಸೆಯ ಹೆಚ್ಚಿನ ಪಾಲು ಮನೆಯಲ್ಲೇ ನಡೆಯುತ್ತದೆ. ಮಗ ಬಾಳೆಹಣ್ಣಿಗೆ ಕೈಚಾಚಿದಾಗ ಅದನ್ನು ನಿಮ್ಮ ಮುಖದ ಬಳಿ ಹಿಡಿದು, ನಿಮ್ಮ ತುಟಿ ಅವನಿಗೆ ಕಾಣುವಂತೆ ತೆಲುಗಿನಲ್ಲೇ ‘ಅರಟಿಪಂಡು’ ಎಂದು ನಿಧಾನವಾಗಿ ಹೇಳಿ, ಐದೆಣಿಸುವಷ್ಟು ಹೊತ್ತು ಸುಮ್ಮನೆ ಕಾದು, ಅವನು ಯಾವ ದನಿ ಹೊರಡಿಸಿದರೂ ಹಣ್ಣು ಕೊಡಿ. ‘ಹೇಳು, ಹೇಳು’ ಎಂದು ಪೀಡಿಸಬೇಡಿ. ಊಟದ ಹೊತ್ತಿನಲ್ಲಿ ಮೊಬೈಲ್ ದೂರವಿಡಿ.