ಶಿವಮೊಗ್ಗದಲ್ಲಿ ತುಂಗೆಯ ಮಂಟಪ ಮುಳುಗಿದೆ, ಮನೆಯಲ್ಲಿ ಓಡಾಡಲಾಗದ ಅತ್ತೆಯವರಿದ್ದಾರೆ. ಹೊಳೆ ಪಕ್ಕದ ಬಾಡಿಗೆ ಮನೆಯನ್ನು ಈಗಲೇ ಖಾಲಿ ಮಾಡಬೇಕೇ, ಕಾಯಬಹುದೇ?

ಮಂಟಪವನ್ನು ನೋಡಿ ತೀರ್ಮಾನಿಸಬೇಡಿ. 2019ರ ಆಗಸ್ಟ್‌ನಲ್ಲಿ ನಾನು ಮಾಡಿದ್ದು ಅದನ್ನೇ. ಆಗ ಕುಂಬಾರಗುಂಡಿಯ ತಗ್ಗಿನ ಬೀದಿಯೊಂದರಲ್ಲಿ ಬಾಡಿಗೆಗಿದ್ದೆ. ಆಶ್ಲೇಷಾ ಮಳೆ ಬಿಡದೆ ಹೊಯ್ಯುತ್ತಿತ್ತು. ಊರವರು ನೆರೆಯ ಗುರುತೆಂದು ನೋಡುವ, ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗಿರುವ ಮಂಟಪ ಮುಳುಗಿತೆಂದು ಊರಿಗೆ ಊರೇ ಸೇತುವೆಯ ಹತ್ತಿರ ನೆರೆದಿತ್ತು; ನಾನೂ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ನಿಂತಿದ್ದೆ. ಹೊಳೆ ಇನ್ನೂ ದಂಡೆ ದಾಟಿಲ್ಲವಲ್ಲ ಎಂದುಕೊಂಡು ಮನೆಗೆ ಬಂದು, ಊಟ ಮಾಡಿ ಮಲಗಿದೆ.

ನೀರು ಹೊಳೆಯ ಕಡೆಯಿಂದ ಬರಲೇ ಇಲ್ಲ. ಬಚ್ಚಲಿನಿಂದ ಬಂತು.

ಇದನ್ನು ಬಿಡಿಸಿ ಹೇಳಲೇಬೇಕು. ತಗ್ಗಿನ ಬೀದಿಗಳ ಚರಂಡಿ ನೀರು ಇಳಿಯುವುದು ಹೊಳೆಗೆ. ಹೊಳೆಯ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರಿತೆಂದರೆ ಆ ನೀರಿಗೆ ಹೋಗಲು ಜಾಗವಿಲ್ಲ, ಊರೊಳಗೆ ಸುರಿದ ಮಳೆಗೂ ಇಲ್ಲ. ಆಮೇಲೆ ಹೊಳೆಯೇ ಚರಂಡಿ ಹಿಡಿದು ಹಿಂದಕ್ಕೆ ನುಗ್ಗುತ್ತದೆ. ದಂಡೆ ಎಷ್ಟು ಎತ್ತರವಿದ್ದರೇನು! ನಾನು ಎದ್ದು ಲೈಟ್ ಹಾಕಿದಾಗ ಬಚ್ಚಲಿನ ಜಾಲರಿಯಿಂದ ಜಿರಲೆಗಳು ಒಂದರ ಬೆನ್ನಿಗೊಂದು ಹೊರಬಂದು ಗೋಡೆ ಹತ್ತುತ್ತಿದ್ದವು. ಹಿಂದೆಯೇ ಗುಳುಗುಳು ಸದ್ದು, ಕಪ್ಪು ನೀರು. ಹಾಸಿಗೆ, ಅಕ್ಕಿ ಚೀಲಗಳನ್ನು ಮಂಚದ ಮೇಲೆ ಏರಿಸುವ ಗಡಿಬಿಡಿಯಲ್ಲಿ ಬೀರುವಿನ ಕೆಳಖಾನೆ ನೆನಪಾಗಲಿಲ್ಲ. ಅಂಕಪಟ್ಟಿ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಅಲ್ಲೇ ಇದ್ದವು, ನೆನೆದು ಮುದ್ದೆಯಾದವು. ಸರ್ಕಾರ ಘೋಷಿಸಿದ 10,000 ರೂಪಾಯಿ ಪರಿಹಾರಕ್ಕೆ ಹೋದರೆ ಕೇಳಿದ್ದು ಅವೇ ಕಾಗದಗಳನ್ನು. ಅಂಕಪಟ್ಟಿಯ ನಕಲಿಗಾಗಿ ಅಲೆದದ್ದನ್ನು ಬರೆದರೆ ಇನ್ನೊಂದು ಉತ್ತರವಾದೀತು.

ಮೇಲೆ ಡ್ಯಾಂ ಇದೆಯಲ್ಲ ಎಂದು ಧೈರ್ಯ ಹೇಳುವವರನ್ನು ನಂಬಬೇಡಿ. ತುಂಗೆಗೆ ಕಟ್ಟಿರುವ ಗಾಜನೂರು ಡ್ಯಾಂನ ಸಾಮರ್ಥ್ಯ ಬರೀ 3.24 ಟಿಎಂಸಿ, ಲಕ್ಕವಳ್ಳಿಯಲ್ಲಿರುವ ಭದ್ರಾ ಜಲಾಶಯದ್ದು 71.5. ಒಳಹರಿವು ಒಂದು ಲಕ್ಷ ಕ್ಯೂಸೆಕ್ ಇದ್ದರೆ ಖಾಲಿ ಗಾಜನೂರು ಕೂಡ ಒಂಬತ್ತು ತಾಸಿನಲ್ಲಿ ತುಂಬುತ್ತದೆ, ಆಗಸ್ಟ್‌ನಲ್ಲಿ ಅದು ಖಾಲಿ ಇರುವುದುಂಟೇ? ಬಂದಷ್ಟನ್ನೂ ಕೆಳಕ್ಕೆ ಬಿಡಲೇಬೇಕು. ಆದ್ದರಿಂದ ಶಿವಮೊಗ್ಗದಲ್ಲಿ ಬಿಸಿಲು ಬಿದ್ದಿತೆಂದು ಹಿಗ್ಗಬೇಡಿ. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆಯ ನೆಂಟರಿಗೆ ಫೋನ್ ಮಾಡಿ ಅಲ್ಲಿನ ಮಳೆ ವಿಚಾರಿಸಿ.

ಖಾಲಿ ಮಾಡುವುದೋ ಕಾಯುವುದೋ ಎಂಬ ನಿಮ್ಮ ಪ್ರಶ್ನೆಯೇ ನನಗೆ ಸರಿಕಾಣುವುದಿಲ್ಲ. ಪಾತ್ರೆಪಗಡೆ, ಫ್ರಿಜ್ಜು ಸಾಗಿಸಲು ಈ ಮಳೆಯಲ್ಲಿ ಲಗೇಜ್ ಆಟೋ ಹುಡುಕುವುದು ದಂಡ. ಅತ್ತೆಯವರನ್ನು, ಅವರ ಮಾತ್ರೆಗಳನ್ನು, ಕಾಗದಪತ್ರಗಳನ್ನು ಇವತ್ತೇ, ಕತ್ತಲಾಗುವ ಮೊದಲು ಎತ್ತರದ ಬಡಾವಣೆಯ ನೆಂಟರ ಮನೆಗೆ ಸೇರಿಸಿ. ಒಬ್ಬರನ್ನು ಎತ್ತಿಕೊಂಡು ಮೊಣಕಾಲುದ್ದದ ನೀರಿನಲ್ಲಿ ರಾತ್ರಿ ನಡೆಯುವುದು ಆಗದ ಮಾತು. ತೆರೆದ ಚರಂಡಿ ಎಲ್ಲಿದೆಯೆಂದೇ ಕಾಣುವುದಿಲ್ಲ. ನೀವೊಬ್ಬರು ಮನೆ ಕಾಯುವುದಾದರೆ ಕಾಯಿರಿ, ಆದರೆ ಸೇತುವೆಗೆ ಹೋಗಿ ನಿಲ್ಲಬೇಡಿ, ಮನೆಮುಂದಿನ ಚರಂಡಿ ನೋಡುತ್ತಿರಿ. ಅದು ಹರಿಯುವುದನ್ನು ನಿಲ್ಲಿಸಿತೆಂದರೆ ಮೇನ್ ಸ್ವಿಚ್ ಆರಿಸಿ, ಬೀಗ ಹಾಕಿ ಹೊರಡಿ. ಈಗಾಗಲೇ ನಿಂತಿದ್ದರೆ ಬೇರೆಯವರ ಉತ್ತರಗಳನ್ನು ಓದುತ್ತ ಕೂರಬೇಡಿ.